ಮಕ್ಕಳ ಬಾತ್ಮೀದಾರರ ಗುರು: ಯಾನುಷ್ ಕೊರ್ಚಾಕ್

ಮಕ್ಕಳಿಗಾಗಿ ಹಿರಿಯರು ಬರೆಯುವ ಪತ್ರಿಕೆಗಳು ಅನೇಕ ಭಾಷೆಗಳಲ್ಲಿ ಉಂಟು. ಆದರೆ ಮಕ್ಕಳನ್ನೇ ಬಾತ್ಮೀದಾರರನ್ನಾಗಿ ಮಾಡಿ, ಅವರ ಕೈಯಿಂದಲೇ ವಾರಪತ್ರಿಕೆ ಬರೆಯಿಸಿದವರು ವಿರಳ. ಅಂಥ ವಿರಳರಲ್ಲಿ ಪೋಲೆಂಡ್ ದೇಶದ ಡಾಕ್ಟರ್ ಯಾನುಷ್ ಕೊರ್ಚಾಕ್ ಅಗ್ರಗಣ್ಯರು.

ಅವರ ನಿಜನಾಮ ಹೆನ್ರಿಕ್ ಗೋಲ್ಡ್‌ಶ್ಮಿತ್. ಕೊರ್ಚಾಕ್ ಎಂಬುದು ಲೇಖನಕ್ಕಾಗಿ ಇಟ್ಟುಕೊಂಡ ಹೆಸರು. ವಾರ್ಸಾ ನಗರದ ಯಹೂದಿ ಮನೆತನದಲ್ಲಿ ಹುಟ್ಟಿ, ಮಕ್ಕಳ ವೈದ್ಯರೆಂದು ಪ್ರಸಿದ್ಧರಾದರು. 1912ರಲ್ಲಿ ಆಸ್ಪತ್ರೆಯ ಕೆಲಸ ಬಿಟ್ಟು ಅನಾಥ ಮಕ್ಕಳ ಆಶ್ರಮವೊಂದರ ಹೊಣೆ ಹೊತ್ತರು. ಅಲ್ಲಿ ತಂಟೆ ತಕರಾರುಗಳನ್ನು ವಿಚಾರಿಸಲು ಮಕ್ಕಳದೇ ನ್ಯಾಯಾಲಯವಿತ್ತು. ಆಶ್ರಮದ ವರ್ತಮಾನ ತಿಳಿಸಲು ವಾರಕ್ಕೊಂದು ಪತ್ರಿಕೆಯಿತ್ತು. ಅದನ್ನು ಎಲ್ಲರೆದುರು ಓದಲಾಗುತ್ತಿತ್ತು. ಈ ಅನುಭವದ ಫಲವಾಗಿ 1921ರಲ್ಲಿ ಅವರು ಶಾಲಾ ಪತ್ರಿಕೆಯ ಬಗೆಗೆ ಒಂದು ಕಿರುಪುಸ್ತಕ ಬರೆದರು.

ವಾರ್ಸಾದ ದಿನಪತ್ರಿಕೆಯೊಂದರ ಪುರವಣಿಯಾಗಿ 1926ರ ಅಕ್ಟೋಬರ್ 9ರಂದು ಅವರ ಮಕ್ಕಳ ಪತ್ರಿಕೆ ಹೊರಬಂದಿತು. ಅದರ ಹೆಸರಿಗೆ ಕನ್ನಡದಲ್ಲಿ 'ಪುಟ್ಟ ಸಮೀಕ್ಷೆ' ಎನ್ನಬಹುದು. ಮನೆ, ಶಾಲೆ, ಗೆಳೆತನ, ಬೀದಿಯ ಜಗಳ, ತಮಗಾದ ಅನ್ಯಾಯ, ಎಲ್ಲವನ್ನೂ ಮಕ್ಕಳು ಬರೆದು ಕಳಿಸಿದರು. ಅಕ್ಷರ ಚೆನ್ನಾಗಿಲ್ಲವೆಂದು ನಾಚುವವರು ಕಚೇರಿಗೆ ಬಂದು ಬಾಯಲ್ಲಿ ಹೇಳಿದರೆ ಸಾಕು, ಬರೆದುಕೊಳ್ಳುವ ಏರ್ಪಾಡಿತ್ತು. ಬೇರೆ ಊರುಗಳಲ್ಲಿಯೂ ಬಾಲ ಬಾತ್ಮೀದಾರರಿದ್ದರು. ಅವರ ಬರಹಕ್ಕೆ ಸಂಭಾವನೆಯೂ ಸಲ್ಲುತ್ತಿತ್ತು. ದಿನವೆಲ್ಲ ಜಮಾ ಖರ್ಚು ಬರೆಯುವ ನನ್ನಂಥವನಿಗೆ ಇದು ದೊಡ್ಡ ಮಾತೆನಿಸುತ್ತದೆ. ಮಗುವಿನ ಮಾತಿಗೂ ಬೆಲೆಯುಂಟೆಂದು ಬಾಯಲ್ಲಿ ಹೇಳುವವರು ಬಹಳ. ಆ ಬೆಲೆಯನ್ನು ಎಣಿಸಿ ಕೊಟ್ಟವರು ಎಷ್ಟು ಜನ?

1930ರಲ್ಲಿ ಅವರು ಸಂಪಾದಕತ್ವವನ್ನು ತಮ್ಮ ಕಾರ್ಯದರ್ಶಿಯಾಗಿದ್ದ ತರುಣನಿಗೆ ವಹಿಸಿದರು. ಪತ್ರಿಕೆಯ ಕೊನೆಯ ಸಂಚಿಕೆಯ ತಾರೀಖು 1939ರ ಸೆಪ್ಟೆಂಬರ್ 1. ಜರ್ಮನಿಯ ಸೈನ್ಯ ಪೋಲೆಂಡಿನ ಮೇಲೆ ನುಗ್ಗಿದ್ದು ಅದೇ ದಿನ.

ಮುಂದಿನ ವರ್ಷ ಆಶ್ರಮವನ್ನು ಯಹೂದಿಗಳನ್ನು ಕೂಡಿಹಾಕಿದ ಗೋಡೆಯೊಳಗಿನ ಕೇರಿಗೆ ತಳ್ಳಲಾಯಿತು. ಹಸಿವು ರೋಗಗಳ ನಡುವೆಯೂ 1942ರ ಜುಲೈ 18ರಂದು ಆ ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ 'ಡಾಕ್ ಘರ್' ನಾಟಕವಾಡಿದರು. ಕಿಟಕಿಯ ಬಳಿ ಕುಳಿತು ಹಾದುಹೋಗುವವರನ್ನೆಲ್ಲ ಮಾತನಾಡಿಸುವ, ಅರಸನ ಓಲೆಗಾಗಿ ಕಾಯುವ ರೋಗಿ ಬಾಲಕ ಅಮಲನ ಕಥೆಯದು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ಮರಣಶಿಬಿರಕ್ಕೆ ಸಾಗಿಸಿದರು. ತಾವೊಬ್ಬರೇ ಪಾರಾಗುವ ಅವಕಾಶಗಳು ಬಂದಿದ್ದರೂ ಕೊರ್ಚಾಕ್ ಒಪ್ಪಿರಲಿಲ್ಲ. ಮಕ್ಕಳೊಡನೆ ನಡೆದರು, ಅವರೊಡನೆಯೇ ಅಳಿದರು.

ಕಂಡದ್ದನ್ನು ಕಂಡಂತೆ, ಅಂಜದೆ, ತನ್ನ ಮಾತಿನಲ್ಲಿ ಬರೆಯಲು ಕಲಿಯುವುದೇ ವೃತ್ತಪತ್ರಿಕೆಯ ಮೊದಲ ಪಾಠ. ಪರಭಾಷೆಯ ಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕನ್ನಡವನ್ನು ಕಿವಿಯಲ್ಲಿ ಉಳಿಸಿಕೊಂಡಿದ್ದಾರೆ. ಬೆರಳಿಗೆ ಅದಿನ್ನೂ ಇಳಿಯಬೇಕಾಗಿದೆ. ನಮ್ಮ ಸಂಘದಲ್ಲಿ ತಿಂಗಳಿಗೊಂದು ಕೈಬರಹದ ಪತ್ರಿಕೆಯನ್ನು ಮಕ್ಕಳಿಗೇ ಒಪ್ಪಿಸೋಣ. ಒತ್ತಕ್ಷರ ತಪ್ಪಿದರೆ ತಪ್ಪಲಿ. ಬರೆಯಲು ಬಾರದ ಮಗು ಬಂದು ಹೇಳಲಿ, ನಾವು ಬರೆದುಕೊಳ್ಳೋಣ.