ಪ್ರತಿಕಾಯಕ್ಕೆ ದೀಪ ಕಟ್ಟಿದ ಆಲ್ಬರ್ಟ್ ಕೂನ್ಸ್

ಮಕ್ಕಳೇ, ಕತ್ತಲಾದ ಮೇಲೆ ಜಾತ್ರೆಯ ಜನಜಂಗುಳಿಯಲ್ಲಿ ನಿಮ್ಮ ಗೆಳೆಯ ತಪ್ಪಿಸಿಕೊಂಡ ಎಂದುಕೊಳ್ಳಿ. ಅವನ ಸಾಕುನಾಯಿಯ ಕೊರಳಿಗೆ ಪುಟ್ಟ ದೀಪವೊಂದನ್ನು ಕಟ್ಟಿ ಬಿಟ್ಟರೆ? ನಾಯಿ ವಾಸನೆ ಹಿಡಿದು ಅವನ ಬಳಿಗೇ ಹೋಗುತ್ತದೆ. ದೀಪ ನಿಂತಲ್ಲಿ ಗೆಳೆಯ ಇರುತ್ತಾನೆ. ರೋಗಾಣುಗಳನ್ನು ಹುಡುಕಲು ಇಂಥದೇ ಉಪಾಯ ಹೂಡಿದವರು ಆಲ್ಬರ್ಟ್ ಹೆವೆಟ್ ಕೂನ್ಸ್.

ಕೂನ್ಸ್ ಹುಟ್ಟಿದ್ದು 1912ರ ಜೂನ್ 28ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗ್ಲವರ್ಸ್‌ವಿಲ್‌ನಲ್ಲಿ. ಕೈಗವಸು ತಯಾರಿಕೆಯಿಂದಲೇ ಆ ಊರಿಗೆ ಆ ಹೆಸರು. 1937ರಲ್ಲಿ ಅವರು ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದರು.

ಆಗ ಮಕ್ಕಳನ್ನು ಬಹಳವಾಗಿ ಕಾಡುತ್ತಿದ್ದುದು ರುಮ್ಯಾಟಿಕ್ ಜ್ವರ. ಮೊದಲು ಗಂಟಲು ನೋವು, ಕೆಲವು ವಾರಗಳ ಬಳಿಕ ಜ್ವರ, ಕೀಲುನೋವು. ಕೆಲವರಿಗೆ ಹೃದಯದ ಕವಾಟಗಳೇ ಕೆಡುತ್ತಿದ್ದವು. ಗಂಟಲಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಕ್ಕೂ ಹೃದಯಕ್ಕೂ ಏನು ಸಂಬಂಧ? 1939ರ ಬೇಸಿಗೆಯಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ಕೂನ್ಸ್ ಇದನ್ನೇ ಯೋಚಿಸುತ್ತಿದ್ದರು. ನಮ್ಮ ದೇಹ ರೋಗಾಣುವಿನ ವಿರುದ್ಧ ಪ್ರತಿಕಾಯ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಆದರೆ ಕಣ್ಣಿಗೆ ಕಾಣದು! ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದರೆ ಹೇಗೆ?

ಊರಿಗೆ ಮರಳಿ, ರಸಾಯನ ವಿಜ್ಞಾನಿಗಳ ನೆರವು ಪಡೆದು ಪ್ರಯೋಗ ನಡೆಸಿದರು. ಬಣ್ಣ ಅಂಟಿದ ಮೇಲೂ ಪ್ರತಿಕಾಯ ತನ್ನ ಗುಣ ಬಿಡಲಿಲ್ಲ. ನ್ಯುಮೋನಿಯ ತರುವ ಬ್ಯಾಕ್ಟೀರಿಯಗಳಿಗೆ ಅಂಟಿಕೊಂಡು, ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯಿತು. ಇದು ಪ್ರಕಟವಾದದ್ದು 1941ರಲ್ಲಿ. ಆದರೆ ತೊಡಕೊಂದಿತ್ತು. ಅಂಗಾಂಶಗಳೂ ಆ ಬೆಳಕಿನಲ್ಲಿ ತಾವಾಗಿಯೇ ನೀಲಿಯಾಗಿ ಹೊಳೆಯುತ್ತವೆ. ಜಾತ್ರೆಯ ತುಂಬ ಅದೇ ಬಣ್ಣದ ದೀಪಗಳಿದ್ದರೆ ನಾಯಿಯ ದೀಪ ಯಾವುದೆಂದು ತಿಳಿಯುವುದೆಂತು? ಕೂನ್ಸ್ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಆರಿಸಿಕೊಂಡರು. ಅದನ್ನು ಪ್ರತಿಕಾಯಕ್ಕೆ ಅಂಟುವಂತೆ ಮಾಡಲು ಮೊದಲ ಮಹಾಯುದ್ಧದಲ್ಲಿ ಬಳಸಿದ್ದ ಫಾಸ್ಜೀನ್ ಎಂಬ ವಿಷಾನಿಲವೇ ಬೇಕಿತ್ತು. ಅಪಾಯದ ಕೆಲಸ! 1942ರಲ್ಲಿ, ಸೋಂಕು ತಗುಲಿದ ಇಲಿಯ ಅಂಗಾಂಶದಲ್ಲಿ ಹಸಿರು ಹೊಳಪು ಕಂಡಿತು.

ಅಷ್ಟರಲ್ಲಿ ಯುದ್ಧ. ಸೈನ್ಯದ ವೈದ್ಯಕೀಯ ದಳ ಸೇರಿದ ಕೂನ್ಸ್ ಮರಳಿದ್ದು 1946ರಲ್ಲಿ. ಮೆಲ್ವಿನ್ ಕ್ಯಾಪ್ಲಾನ್ ಜೊತೆಗೂಡಿ 1950ರಲ್ಲಿ ವಿಧಾನವನ್ನು ಸುಧಾರಿಸಿದರು. 1954ರಲ್ಲಿ ಥಾಮಸ್ ವೆಲ್ಲರ್ ಜೊತೆ ಸೀತಾಳೆ ಸಿಡುಬಿನ ವೈರಸ್ಸನ್ನು ಇದರಿಂದಲೇ ಪರಿಶೀಲಿಸಿದರು. ವಿಷಾನಿಲ ಬೇಡದ ಬಣ್ಣವನ್ನು 1958ರಲ್ಲಿ ಬೇರೆಯವರು ರೂಪಿಸಿದ ಮೇಲೆ ವಿಧಾನ ಎಲ್ಲೆಡೆ ಹರಡಿತು.

ನಿಮ್ಮಲ್ಲಿ ಕೆಲವರ ಕೈಮೇಲೆ ನರುಳ್ಳೆ ಇರಬಹುದು. ಅದನ್ನು ತರುವುದು ಹ್ಯೂಮನ್ ಪ್ಯಾಪಿಲೋಮ ವೈರಸ್. ಇದರ ಬಗೆಗಳು 200ಕ್ಕೂ ಹೆಚ್ಚು. ಕೆಲವು ಬಗೆಗಳು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಒಂದು ಮಿಲಿಮೀಟರಿನಲ್ಲಿ ಸುಮಾರು 18,000 ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು! ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ಕಾಣವು. ಆದ್ದರಿಂದ ಸಂಶೋಧಕರು ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳ ಮೇಲೆ, ವೈರಸ್ಸಿನ ಹೊರಕವಚದ ಪ್ರೋಟೀನನ್ನು ಗುರುತಿಸುವ, ಬಣ್ಣ ಕಟ್ಟಿದ ಪ್ರತಿಕಾಯವನ್ನು ಹಾಕುತ್ತಾರೆ. ಅಂಟದೆ ಉಳಿದದ್ದನ್ನು ತೊಳೆದುಬಿಡುತ್ತಾರೆ. (ತೊಳೆಯದಿದ್ದರೆ ಎಲ್ಲವೂ ಹೊಳೆದು ಕೆಲಸ ಕೆಡುತ್ತದೆ.) ಹೊಳೆಯುವ ಜೀವಕೋಶದಲ್ಲಿ ವೈರಸ್ಸಿನ ಪ್ರೋಟೀನ್ ಇದೆ ಎಂದರ್ಥ.

1959ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದ ಕೂನ್ಸ್ 1978ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅವರ ಮೊದಲ ಪ್ರಶ್ನೆ ಏನಾಯಿತು ಎನ್ನುತ್ತೀರಾ? ಸುಳಿವು ಹಿಡಿದವರು ಕ್ಯಾಪ್ಲಾನ್. ಸ್ಟ್ರೆಪ್ಟೊಕಾಕಸ್ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮನುಷ್ಯರ ಹೃದಯದ ಅಂಗಾಂಶಕ್ಕೂ ಅಂಟುತ್ತವೆ ಎಂದು ಅವರು 1962ರಲ್ಲಿ ತೋರಿಸಿದ್ದರು.