ಪ್ರಶಸ್ತಿ ಬೇಡವೆಂದ ಅಪ್ಪಾಜಿ

ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಕೃಷ್ಣದೇವರಾಯನ ನಾಟಕ ಆಡಿದೆವು. ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಗೆಳೆಯ ರಾಯನಾದ, ನಾನು ಮಂತ್ರಿ ತಿಮ್ಮರಸು. ಮಾತಿನಲ್ಲಿ, ನಿಲುವಿನಲ್ಲಿ ಅವನೇ ನನಗಿಂತ ಮೇಲು. ಆದರೂ ಉತ್ತಮ ನಟನ ಬಹುಮಾನ ನನಗೆ ಬಂತು. ತೆಗೆದುಕೊಂಡು ಸುಮ್ಮನೆ ಮನೆಗೆ ಹೋದೆ. ಆ ಸ್ಟೀಲಿನ ಲೋಟ ಈಗಲೂ ನಮ್ಮ ಅಡುಗೆಮನೆಯಲ್ಲಿದೆ.

ಆ ಪಾತ್ರವನ್ನು ನಾವು ಕಲಿತದ್ದು ಟೆಂಟಿನಲ್ಲಿ ನೋಡಿದ 'ಶ್ರೀ ಕೃಷ್ಣದೇವರಾಯ' ಚಿತ್ರದಿಂದ. 1970ರಲ್ಲಿ ತೆರೆಕಂಡ ಆ ಚಿತ್ರವನ್ನು ನಿರ್ದೇಶಿಸಿ, ತಾವೇ ತಿಮ್ಮರಸುವಾಗಿ ನಟಿಸಿದವರು ಬಿ.ಆರ್. ಪಂತುಲು. ಅವರ ಜೀವನವನ್ನು ಇಂದಿನ ಮಕ್ಕಳಿಗೆ ಹೇಳಬೇಕೆಂದು ಈ ನಾಲ್ಕು ಮಾತು.

ಪಂತುಲು ಅವರು 1910ರಲ್ಲಿ ಹುಟ್ಟಿದರು. ವೃತ್ತಿನಾಟಕ ರಂಗದಲ್ಲಿ ಬೆಳೆದ ಅವರು 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕೆ'ಯ ಮೂಲಕ ಬೆಳ್ಳಿತೆರೆಗೆ ಬಂದರು. ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆ ಕಟ್ಟಿ ಕನ್ನಡ, ತಮಿಳು ಎರಡರಲ್ಲೂ ದೊಡ್ಡ ಚಿತ್ರಗಳನ್ನು ತೆಗೆದರು. ತಮಿಳರಿಗೆ 1959ರಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್', 1964ರಲ್ಲಿ 'ಕರ್ಣನ್' ಕೊಟ್ಟವರೂ ನಮ್ಮ ಈ ಕನ್ನಡಿಗರೇ. ಕನ್ನಡಕ್ಕೆ 1961ರಲ್ಲಿ 'ಕಿತ್ತೂರು ಚೆನ್ನಮ್ಮ' ಕೊಟ್ಟರು. ಮುಂದೆ ಹೆಸರಾಂತ ನಿರ್ದೇಶಕರಾದ ಪುಟ್ಟಣ್ಣ ಕಣಗಾಲ್ ಅವರೂ ಪಂತುಲು ಅವರ ಕೈಕೆಳಗೆ ಪಳಗಿದವರು.

ಶಾಲೆಯವರಾದ ನಾವು ಮರೆಯಬಾರದ ಚಿತ್ರ 1958ರ 'ಸ್ಕೂಲ್ ಮಾಸ್ಟರ್'. ಅದರಲ್ಲಿ ಪಂತುಲು ಅವರೇ ಮೇಷ್ಟ್ರು, ಎಂ.ವಿ. ರಾಜಮ್ಮ ಅವರ ಹೆಂಡತಿ. ಹಳ್ಳಿಯ ಶಾಲೆಗಾಗಿ ದುಡಿದ ಮೇಷ್ಟ್ರನ್ನು ಮುಪ್ಪಿನಲ್ಲಿ ಹೆತ್ತ ಮಕ್ಕಳೇ ಕೈಬಿಡುತ್ತಾರೆ. ಕೈಹಿಡಿಯುವವನು ಹಳೆಯ ವಿದ್ಯಾರ್ಥಿ. ಟಿ.ಜಿ. ಲಿಂಗಪ್ಪನವರ ಸಂಗೀತವಿದ್ದ ಆ ಚಿತ್ರದ ಪ್ರಾರ್ಥನೆಯನ್ನೇ ನಾವು ಪ್ರತಿದಿನ ಬೆಳಿಗ್ಗೆ ಸಾಲಾಗಿ ನಿಂತು ಹಾಡುತ್ತಿದ್ದೆವು.

'ಶ್ರೀ ಕೃಷ್ಣದೇವರಾಯ'ಕ್ಕೂ ಲಿಂಗಪ್ಪನವರದೇ ಸಂಗೀತ. ಹಾಡು, ನೃತ್ಯ, ಯುದ್ಧ, ಅರಸನ ಪ್ರೇಮ ಎಲ್ಲವೂ ಅದರಲ್ಲಿದ್ದವು. ರಾಯನಾಗಿ ರಾಜಕುಮಾರ್. ಹಂಪಿಯಲ್ಲಿ ನಾವು ಕಂಡಿದ್ದು ಮಾಡು ಇಲ್ಲದ ಗೋಡೆ, ಬರೀ ಕಲ್ಲಾಗಿ ನಿಂತ ಮಹಾನವಮಿ ದಿಬ್ಬ. ಅಲ್ಲಿ 1509ರಿಂದ 1529ರವರೆಗೆ ಒಬ್ಬ ಅರಸ ನಗುತ್ತ, ಅಳುತ್ತ ಬದುಕಿದ್ದನೆಂದು ನನಗೆ ಮನದಟ್ಟಾದದ್ದು ಟೆಂಟಿನ ಮರಳಿನ ಮೇಲೆ ಕುಳಿತಾಗ. ನಮ್ಮ ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಅದು ರಾಯನ ತಾಯಿಯ ಹೆಸರೆಂದು ಕೆಲವರು, ಮೆಚ್ಚಿನ ರಾಣಿಯ ಹೆಸರೆಂದು ಕೆಲವರು ಹೇಳುತ್ತಾರೆ. ಚಿತ್ರ ನೋಡಿ ಬಂದ ರಾತ್ರಿ ಆ ಹೆಸರೂ ನಮಗೆ ಹೊಸದಾಗಿ ಕೇಳಿಸಿತು.

ಆ ಚಿತ್ರದ ತಿಮ್ಮರಸು ಪಾತ್ರಕ್ಕಾಗಿ ರಾಜ್ಯ ಸರ್ಕಾರ ಪಂತುಲು ಅವರನ್ನು ಶ್ರೇಷ್ಠ ನಟನೆಂದು ಆರಿಸಿತು. ಅವರು ಒಪ್ಪಲಿಲ್ಲ. ಆ ಗೌರವ ರಾಜಕುಮಾರ್ ಅವರಿಗೆ ಸಲ್ಲತಕ್ಕದ್ದೆಂದು ಪ್ರಶಸ್ತಿಯನ್ನೇ ನಿರಾಕರಿಸಿದರು. ಆಗ ಅವರಿಗೆ ಅರವತ್ತರ ಆಸುಪಾಸು. ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದ ಮನುಷ್ಯ ಮನೆಬಾಗಿಲಿಗೆ ಬಂದ ಗೌರವವನ್ನು ತನಗಿಂತ ಕಿರಿಯನ ಕಡೆಗೆ ತೋರಿಸಿದರು. ರಾಯ ಅಪ್ಪಾಜಿ ಎಂದು ಕರೆಯುತ್ತಿದ್ದ ಮಂತ್ರಿಯ ಪಾತ್ರ ವೇಷ ಕಳಚಿದ ಮೇಲೂ ಅವರಲ್ಲಿ ಉಳಿದಿತ್ತು ಎಂದೇ ನಾನು ತಿಳಿದಿದ್ದೇನೆ. 1974ರಲ್ಲಿ ಅವರು ತೀರಿಕೊಂಡರು.

ಈ ಸಂಗತಿ ನನಗೆ ಗೊತ್ತಾದದ್ದು ನೌಕರಿಗೆ ಸೇರಿ ಎಷ್ಟೋ ವರ್ಷಗಳ ನಂತರ. ಅಂದಿನಿಂದ ಆ ಲೋಟದಲ್ಲಿ ನೀರು ಕುಡಿಯಲು ಮನಸ್ಸು ಬರುವುದಿಲ್ಲ. ಸುವರ್ಣ ಮಹೋತ್ಸವಕ್ಕೆ ಕಂಪ್ಲಿಯ ಗೆಳೆಯನೂ ಬರುತ್ತಾನಂತೆ. ಲೋಟವನ್ನು ಹುಣಸೆಹಣ್ಣು ಹಚ್ಚಿ ತೊಳೆದಿಟ್ಟಿದ್ದೇನೆ. ಅವನ ಕೈಗೆ ಕೊಡುವುದಿದೆ.