ಸರ್ ಲುಡ್ವಿಗ್ ಗುಟ್ಮನ್ (1899–1980): ಜೀವನ ಪರಿಚಯ

ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕೊನೆ ಕೊಯ್ಯುವಾಗ ಅಥವಾ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಸಿಂಪಡಿಸುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಮೇಳಿಗೆಯಂತಹ ಊರುಗಳಿಗೆ ಅಪರಿಚಿತರಲ್ಲ. ಗಾಲಿಕುರ್ಚಿ, ಗುರುತಿನ ಚೀಟಿ, ಮಾಸಾಶನಗಳಿಗಾಗಿ ಅರ್ಜಿ ಸಲ್ಲಿಸುವ ಇಂತಹವರ ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ, ಬೆನ್ನುಹುರಿ ಚಿಕಿತ್ಸೆಗೂ ವಿಕಲಚೇತನರ ಕ್ರೀಡೆಗೂ ತಳಹದಿ ಹಾಕಿದ ವೈದ್ಯ ಸರ್ ಲುಡ್ವಿಗ್ ಗುಟ್ಮನ್ ಅವರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಶ್ರೀಯುತರು 1899ರ ಜುಲೈ 3ರಂದು ಅಂದು ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಟೋಸ್ಟ್ ಪಟ್ಟಣದ ಯಹೂದಿ ಕುಟುಂಬದಲ್ಲಿ ಜನಿಸಿದರು. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ ಬೆನ್ನುಮೂಳೆ ಮುರಿದ ಕಲ್ಲಿದ್ದಲು ಗಣಿ ಕಾರ್ಮಿಕನೊಬ್ಬನನ್ನು ಕಂಡರು. ದೃಢಕಾಯನಾಗಿದ್ದ ಆತ ಐದೇ ವಾರಗಳಲ್ಲಿ ಮೃತಪಟ್ಟನು. ಇಂತಹ ರೋಗಿಗಳು ಹೇಗೂ ಉಳಿಯುವುದಿಲ್ಲವೆಂಬುದು ಅಂದಿನ ವೈದ್ಯರ ಸಾಮಾನ್ಯ ಅಭಿಪ್ರಾಯವಾಗಿತ್ತು. ಆ ಕಾರ್ಮಿಕನ ನೆನಪು ಗುಟ್ಮನ್ ಅವರನ್ನು ಕಡೆಯವರೆಗೂ ಬಿಡಲಿಲ್ಲ.

1924ರಲ್ಲಿ ವೈದ್ಯ ಪದವಿ ಪಡೆದು ಬ್ರೆಸ್ಲಾವ್ ನಗರದಲ್ಲಿ ನರರೋಗ ತಜ್ಞರಾದರು. ನಾಜಿ ಆಡಳಿತವು 1933ರಲ್ಲಿ ಯಹೂದಿ ವೈದ್ಯರನ್ನು ಸಾರ್ವಜನಿಕ ಆಸ್ಪತ್ರೆಗಳಿಂದ ಹೊರಹಾಕಿದ್ದರಿಂದ ಅಲ್ಲಿನ ಯಹೂದಿ ಆಸ್ಪತ್ರೆಗೆ ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಮೇಲೆ ದಾಳಿ ನಡೆದಾಗ, ಆಶ್ರಯ ಬಯಸಿ ಬಂದ ಯಾರನ್ನೂ ಹಿಂದಕ್ಕೆ ಕಳುಹಿಸದೆ ದಾಖಲಿಸಿಕೊಳ್ಳಲು ಆದೇಶಿಸಿದರು. ಮರುದಿನ ತಪಾಸಣೆಗೆ ಬಂದ ಅಧಿಕಾರಿಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆಯನ್ನು ವಿವರಿಸಿ, 64 ಜನರ ಪೈಕಿ 60 ಜನರನ್ನು ಬಂಧನದಿಂದ ಉಳಿಸಿದರು. ದಾಖಲಾತಿ ಪುಸ್ತಕವೊಂದು ಇಷ್ಟು ಪ್ರಾಣ ಉಳಿಸಿದ ಉದಾಹರಣೆ ಅಪರೂಪವೇ ಸರಿ. 1939ರಲ್ಲಿ ಕುಟುಂಬ ಸಮೇತ ಇಂಗ್ಲೆಂಡಿಗೆ ವಲಸೆ ಹೋದರು.

1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ಕೇಂದ್ರದ ಹೊಣೆಯನ್ನು ಅವರಿಗೆ ವಹಿಸಲಾಯಿತು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿಡುವುದು ಅವರ ಕಟ್ಟುನಿಟ್ಟಿನ ನಿಯಮಗಳಾಗಿದ್ದವು. ನಡುರಾತ್ರಿಯಲ್ಲಿಯೂ ಸ್ವತಃ ವಾರ್ಡಿಗೆ ಬಂದು ಪರಿಶೀಲಿಸುತ್ತಿದ್ದರು. ಹಾಸಿಗೆ ಹುಣ್ಣು ಮತ್ತು ಸೋಂಕು ಇಳಿದಂತೆ ಸಾವುಗಳೂ ಇಳಿದವು. ಬದುಕುಳಿದವರು ದುಡಿದು ತೆರಿಗೆ ಪಾವತಿಸುವ ನಾಗರಿಕರಾಗಬೇಕೆಂಬುದು ಅವರ ಗುರಿಯಾಗಿತ್ತು. ಲೆಕ್ಕಪತ್ರ ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾಗುವ ಗುರಿ.

ಈ ಗುರಿಗಾಗಿಯೇ ಮರಗೆಲಸದಂತಹ ಕಸುಬುಗಳ ಜೊತೆಗೆ ಆಟವನ್ನೂ ಚಿಕಿತ್ಸೆಯ ಭಾಗವಾಗಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನಲ್ಲಿ ಗಾಲಿಕುರ್ಚಿಯಲ್ಲಿದ್ದ 16 ಮಾಜಿ ಸೈನಿಕರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅವರಲ್ಲಿ ಇಬ್ಬರು ಮಹಿಳೆಯರು. 1960ರ ರೋಮ್ ಕ್ರೀಡಾಕೂಟದ ವೇಳೆಗೆ 23 ದೇಶಗಳ ಸುಮಾರು 400 ಕ್ರೀಡಾಪಟುಗಳು ಭಾಗವಹಿಸಿದ್ದರು. ಇದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಪರಿಗಣಿಸಲಾಗಿದೆ. ಆದರೆ ಬಹುಕಾಲ ಇದು ಬೆನ್ನುಹುರಿ ಪೆಟ್ಟಾದವರಿಗೆ ಸೀಮಿತವಾಗಿತ್ತೆಂಬುದನ್ನೂ ಹೇಳಬೇಕು. ಅಂಧರಿಗೆ ಹಾಗೂ ಕೈಕಾಲು ಕಳೆದುಕೊಂಡವರಿಗೆ ಅವಕಾಶ ದೊರೆತದ್ದು 1976ರಲ್ಲಿ.

ಸಂಶೋಧಕರಾಗಿ ಅವರು ಮಾಡಿದ ಕಾರ್ಯ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಬೆನ್ನುಹುರಿಗೆ ಪೆಟ್ಟಾದಲ್ಲಿ ಅದರ ಕೆಳಗಿನ ಭಾಗ ಸರಿಯಾಗಿ ಬೆವರುವುದಿಲ್ಲ. ಆದ್ದರಿಂದ ಬಿಸಿಲಿನಲ್ಲಿ ಆಡುವಾಗ ದೇಹ ಬೇಗ ಕಾಯುತ್ತದೆ. ನರಗಳಿಗೂ ಬೆವರಿಗೂ ಇರುವ ಸಂಬಂಧವನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು. ಮೂತ್ರಕೋಶ ತುಂಬಿದಾಗ ಇಂತಹವರ ರಕ್ತದೊತ್ತಡ ಅಪಾಯಕಾರಿಯಾಗಿ ಏರುವುದನ್ನು ವಿಟ್ಟರಿಜ್ ಅವರೊಡನೆ 1947ರಲ್ಲಿ ಪ್ರಕಟಿಸಿದರು. ಮುಂದೆ ಕೆಲವು ಸ್ಪರ್ಧಿಗಳು ಸಾಧನೆ ಹೆಚ್ಚಿಸಿಕೊಳ್ಳಲು ಬೇಕೆಂದೇ ಮೂತ್ರ ತಡೆದು ಈ ಸ್ಥಿತಿ ತಂದುಕೊಳ್ಳತೊಡಗಿದರು. ಪ್ರಾಣಾಪಾಯವಿರುವುದರಿಂದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯು ಇದನ್ನು ನಿಷೇಧಿಸಿದೆ. ಮನೆಯಲ್ಲಿ ಬೆನ್ನುಹುರಿ ಪೆಟ್ಟಾದವರಿದ್ದಲ್ಲಿ ಇವೆರಡೂ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

1966ರಲ್ಲಿ ಸರ್ ಪದವಿ ಪಡೆದ ಶ್ರೀಯುತರು ಅದೇ ವರ್ಷ ನಿವೃತ್ತರಾದರು. 1976ರಲ್ಲಿ ವಿಕಲಚೇತನರ ಕ್ರೀಡೆಯನ್ನು ಕುರಿತ ಪಠ್ಯಗ್ರಂಥವನ್ನು ಹೊರತಂದು, 1980ರ ಮಾರ್ಚ್ 18ರಂದು ನಿಧನರಾದರು. ಅವರು ಆರಂಭಿಸಿದ ಕೂಟದಲ್ಲಿ ಭಾರತವು ಮೊದಲ ಬಾರಿಗೆ 1968ರಲ್ಲಿ ಭಾಗವಹಿಸಿತು. 2012ರಲ್ಲಿ ಲಂಡನ್ನಿನಲ್ಲಿ ಕೂಟ ನಡೆದಾಗ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು ಎತ್ತರ ಜಿಗಿತದಲ್ಲಿ ಬೆಳ್ಳಿ ಪದಕ ಪಡೆದರು.